ನಲವತ್ತು ಕಿಲೋಮೀಟರಿನ ಪಾರ್ಸಲ್

ದ್ರೌಪದಿಯ ಗಂಡ ನಿಂಗಣ್ಣ ಐದು ದಿನದಿಂದ ಬಹಳ ದುಡಿಯುತ್ತಿದ್ದ. ಬೆಳಿಗ್ಗೆ ಎದ್ದು ಕಣ್ಣುಜ್ಜಿಕೊಂಡವನೇ ಮೊಬೈಲು ಹಿಡಿದು ಪಡಸಾಲೆಯಲ್ಲಿ ಕೂತರೆ, ಪಾರ್ಸಲ್ ಎಲ್ಲಿಗೆ ಬಂತು ಎಂದು ನೋಡುವುದೇ ಅವನ ಕೆಲಸ. ನಳಕ್ಕೆ ನೀರು ಬಂದಿದೆ, ಎರಡು ಕೊಡ ತುಂಬಿಸಿರಿ ಎಂದರೆ, "ಕಾಣಂಗಿಲ್ಲೇನ? ಟ್ರ್ಯಾಕಿಂಗ್ ಮಾಡಾಕತ್ತೀನಿ," ಎನ್ನುವನು. ದ್ರೌಪದಿ ತಾನೇ ಕೊಡ ಹೊರುವಳು. ಅವನು ಬೆರಳಿನಿಂದ ಪರದೆ ತಿಕ್ಕಿ ತಿಕ್ಕಿ ದಣಿದು, ಚಹಾ ಕೇಳುವನು.

ಆ ಪಾರ್ಸಲ್ ಡಬ್ಬಿಯಲ್ಲಿ ಇದ್ದದ್ದು ದ್ರೌಪದಿ ಬಡಿದ ಅರವತ್ತು ಖಡಕ್ ರೊಟ್ಟಿ, ಒಂದು ಪೊಟ್ಟಣ ಶೇಂಗಾ ಚಟ್ನಿ. ಕಂದಲಗಾಂವದ ಹುಡುಗಿ ಅವಳು. ಅಕ್ಕಲಕೋಟೆ ತಾಲೂಕಿನ ಈ ಹೊಲಮನೆಗೆ ಹದಿನೇಳಕ್ಕೆ ಸೊಸೆಯಾಗಿ ಬಂದಾಗಿನಿಂದ ಇಪ್ಪತ್ತಾರು ವರ್ಷ ದಿನಾ ರೊಟ್ಟಿ ಬಡಿದಿದ್ದಾಳೆ. ಮನೆಯವರಿಗೆ, ಆಳುಗಳಿಗೆ, ಹೇಳದೆ ಬಂದ ಬೀಗರಿಗೆ. ಎರಡು ಬಾಣಂತನದಲ್ಲಿ ತವರಿಗೆ ಹೋದಾಗ ಮಾತ್ರ ಅಂಗೈಗೆ ಬಿಡುವು ಸಿಕ್ಕಿತ್ತು. ಇದಕ್ಕೆ ಆ ಮನೆಯಲ್ಲಿ ಕೆಲಸ ಎಂಬ ಹೆಸರಿರಲಿಲ್ಲ. "ನಮ್ಮಾಕಿ ಮನ್ಯಾಗ ಖಾಲಿ ಇರ್ತಾಳ," ಎಂದೇ ನಿಂಗಣ್ಣ ಜನರಿಗೆ ಹೇಳುವುದು.

ಸೊಲ್ಲಾಪುರದಲ್ಲಿ ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಮೆಸ್ ನಡೆಸುವ ಯೋಗಿತಾ ಯಾರದೋ ಮನೆ ಪ್ರವೇಶದಲ್ಲಿ ಈ ರೊಟ್ಟಿ ತಿಂದಿದ್ದಳು. ಕೇಳಿ ತಿಳಿದು ಫೋನು ಮಾಡಿದಳು. ಶನಿವಾರದೊಳಗೆ ಅರವತ್ತು ರೊಟ್ಟಿ ಕಳಿಸಿರಿ, ನಮ್ಮ ಹುಡುಗಿಯರಿಗೆ ಸೇರಿದರೆ ವಾರಕ್ಕೆ ಮುನ್ನೂರರಂತೆ ಖಾಯಂ. ಇಲ್ಲದಿದ್ದರೆ ಬೇರೆಯವರಿಗೆ ಹೇಳುತ್ತೇನೆ ಎಂದಳು. ತನ್ನ ರೊಟ್ಟಿಯನ್ನು ಒಬ್ಬರು ಹೀಗೆ ಗಡುವು ಹಾಕಿ ಕೇಳಿದ್ದು ದ್ರೌಪದಿಯ ಜನ್ಮದಲ್ಲಿ ಮೊದಲು.

ಸೊಲ್ಲಾಪುರವೇನು ಸಪ್ತಸಮುದ್ರದಾಚೆ ಇಲ್ಲ. ನಲವತ್ತು ಕಿಲೋಮೀಟರು, ತಾಸಿಗೊಂದು ಬಸ್ಸು. ದ್ರೌಪದಿ ಮುಂಜಾನೆ ಬಸ್ಸಿಗೆ ತಾನೇ ಒಯ್ಯುತ್ತೇನೆ ಎಂದಳು.

"ನನ್ನ ಹೇಣ್ತಿ ಡಬ್ಬಿ ಹೊತ್ತು ರೊಟ್ಟಿ ಮಾರಾಕ ಹೊಂಟಾಳ ಅಂತ ಸ್ಟ್ಯಾಂಡಿನ್ಯಾಗ ಜನ ಅನಬೇಕೇನು?" ಎಂದ ನಿಂಗಣ್ಣ. "ಕುರಿಯರ್ ಮಾಡ್ತೀನಿ. ಈಗ ಎಲ್ಲಾರೂ ಹಂಗ ಮಾಡ್ತಾರ."

ಡಬ್ಬಿ ಹೊತ್ತದ್ದಕ್ಕೆ ಹೋಗುವ ಮಾನ ರೊಟ್ಟಿ ಬಡಿದದ್ದಕ್ಕೆ ಹೋಗಿರಲಿಲ್ಲ. ಅವನು ಡಬ್ಬಿಯನ್ನು ಗಾಡಿಯ ಮೇಲಿಟ್ಟುಕೊಂಡು ಅಕ್ಕಲಕೋಟೆಗೆ ಹೋಗಿ, ಕುರಿಯರ್ ಅಂಗಡಿಯಲ್ಲಿ ಕೊಟ್ಟು, ಮೇಲೆ ವಿಳಾಸ ಬರೆದು ಬಂದ. ಆ ಕುರಿಯರ್‌ನವರು ಎಲ್ಲ ಮಾಲನ್ನೂ ಮೊದಲು ಪುಣೆಗೆ ಒಯ್ಯುತ್ತಾರಂತೆ.

"ಪುಣೇಕ್ಕ ಮುಟ್ಟೇದ!" ಎಂದ ಮೂರನೆಯ ದಿನ, ಮಗಳು ಪಾಸಾದಳೆಂಬಂಥ ಖುಷಿಯಲ್ಲಿ.

"ಸೊಲ್ಲಾಪುರ ಇಲ್ಲೇ ಅದಲ್ರೀ?"

"ನಿನಗ ಸಿಸ್ಟಮ್ ತಿಳಿಯಂಗಿಲ್ಲ, ಸುಮ್ನಿರು."

ಶುಕ್ರವಾರ ಅವನ ಫೋನು ಮೂರು ಸಲ ಬಡಿಯಿತು. ಮೂರು ಸಲವೂ ಕಟ್ ಮಾಡಿದ. ಯಾರು ಎಂದರೆ, "ಫ್ರಾಡ್ ಮಂದಿ. ಹೊಸಾ ನಂಬರ್ ಎತ್ತಬಾರದು," ಎಂದ. ಶನಿವಾರ ಬೆಳಿಗ್ಗೆ ಸಂದೇಶ ಬಂತು. ಪಡೆಯುವವರು ಸಿಗಲಿಲ್ಲ, ಪಾರ್ಸಲ್ ಸೊಲ್ಲಾಪುರದ ಗೋಡೌನಿಗೆ ವಾಪಸ್. ಅದನ್ನವನು ರೇಡಿಯೋದಲ್ಲಿ ಹವಾಮಾನ ಓದಿದ ಹಾಗೆ ಓದಿ, "ಚಾ ಇಡು," ಎಂದ.

ದ್ರೌಪದಿ ಚಹಾ ಇಡಲಿಲ್ಲ. ಎಮ್ಮೆಗೆ ಮೇವು ಹಾಕಿದಳು. ಅತ್ತೆ ಸೋನಾಬಾಯಿಗೆ ಹಾಲಿನಲ್ಲಿ ರೊಟ್ಟಿ ಮುರಿದುಕೊಟ್ಟು, ಗುಳಿಗೆ ನುಂಗಿಸಿದಳು. ಸೀರೆ ಬದಲಿಸಿ ಹತ್ತು ಗಂಟೆಯ ಬಸ್ಸು ಹಿಡಿದಳು.

ಸೊಲ್ಲಾಪುರದ ಕುರಿಯರ್ ಗೋಡೌನಿನಲ್ಲಿ ಕೂತಿದ್ದ ಹುಡುಗಿಯ ಹೆಸರು ಶ್ರದ್ಧಾ. ಡಬ್ಬಿ ಹುಡುಕಿ ತಂದು, ಮುಚ್ಚಳ ಓದಿ, ನಕ್ಕಳು.

"ಮಾವಶಿ, ಕಳಸಿದವರದು, ತಗೊಳ್ಳವರದು, ಎರಡೂ ಒಂದ ನಂಬರ್ ಅದ ನೋಡ್ರಿ. ನಮ್ಮ ಹುಡುಗ ಮೆಸ್ ಗಲ್ಲಿಯೊಳಗ ನಿಂತು ಈ ನಂಬರಿಗೇ ಫೋನ್ ಹಚ್ಚ್ಯಾನ."

ದ್ರೌಪದಿ ಗಂಡನಿಗೆ ಫೋನು ಮಾಡಿದಳು. "ಯೋಗಿತಾ ಅವರ ನಂಬರ್ ಕೊಟ್ಟಿದ್ನಲ್ರೀ, ಯಾಕ ಬರೀಲಿಲ್ಲ?"

"ಮಂದಿ ಹೆಣ್ಮಗಳ ನಂಬರ್ ಡಬ್ಬಿ ಮ್ಯಾಲ ಬರದು ಊರ ತುಂಬ ತಿರಗಸೂದೇನು? ಮಾನವಂತರು ಮಾಡೂ ಕೆಲಸ ಅಲ್ಲ ಅದು."

"ಆತು. ನಿಮ್ಮ ಫೋನಿಗೆ ಓಟಿಪಿ ಬಂದದಂತ. ಅದನ್ನ ಹೇಳ್ರಿ, ಡಬ್ಬಿ ಕೊಡ್ತಾರ."

ಆಚೆ ಕಡೆ ನಿಂಗಣ್ಣನ ದನಿ ಗಟ್ಟಿಯಾಯಿತು. "ಓಟಿಪಿ ಯಾರಿಗೂ ಹೇಳಬಾರದು. ಬ್ಯಾಂಕಿನವರು ದಿನಾ ಮೆಸೇಜ್ ಹಾಕ್ತಾರ."

"ನಾ ನಿಮ್ಮ ಹೇಣ್ತಿ ರೀ."

"ಹೇಣ್ತಿ ದನಿ ಮಾಡಿನೂ ಕೇಳ್ತಾರಂತ ಈಗ. ನಂಬರ್ ನಿಂದ ಕಾಣತದ, ಅದನ್ನೂ ಮಾಡ್ತಾರಂತ. ನೀ ಆಕೀನ ಅನ್ನೂದಕ್ಕ ಖೂನ ಏನು, ಗುರುತು ಏನು?"

ಶ್ರದ್ಧಾ ಬಾಯಿಗೆ ಓಢಣಿ ಅಡ್ಡ ಹಿಡಿದುಕೊಂಡಳು. ದ್ರೌಪದಿ ಗೋಡೆ ಗಡಿಯಾರ ನೋಡಿದಳು. ಹನ್ನೆರಡೂವರೆ.

"ಖೂನ ಬೇಕ? ಇವತ್ತ ಅಡಗಿ ಮಾಡಿಲ್ಲ ನಾ. ಹೋಗಿ ರೊಟ್ಟಿ ಬುಟ್ಟಿ ತಗದು ನೋಡ್ರಿ."

ಹೆಜ್ಜೆಯ ಸಪ್ಪಳ ಕೇಳಿತು. ಮುಚ್ಚಳ ಎತ್ತಿದ ಸಪ್ಪಳ. ಇನ್ನೊಂದು ಮುಚ್ಚಳ. ಆಮೇಲೆ ಅವನು ಆರೂ ಅಂಕಿ ಒಂದೇ ಉಸಿರಿಗೆ ಹೇಳಿ, "ಲಗೂ ಬಾ," ಎಂದ.

ಡಬ್ಬಿಯನ್ನು ಬಗಲಲ್ಲಿ ಇರುಕಿಕೊಂಡು ದ್ರೌಪದಿ ಮೆಸ್ಸಿಗೆ ನಡೆದೇ ಹೋದಳು. ಕಾಲು ತಾಸಿನ ಹಾದಿ. ಯಾರ ಮಾನವೂ ಹೋದದ್ದು ಅವಳ ಕಣ್ಣಿಗೆ ಬೀಳಲಿಲ್ಲ. ಹುಡುಗಿಯರು ಊಟಕ್ಕೆ ಸಾಲಾಗಿ ಕೂತಿದ್ದರು. ಯೋಗಿತಾ ಡಬ್ಬಿ ಬಿಚ್ಚಿದಳು. ಅರ್ಧಕ್ಕರ್ಧ ರೊಟ್ಟಿ ಚೂರು.

"ಅಯ್ಯ, ಮುರದಾವಲ್ರೀ?"

"ಬಡದಾಕಿ ಕೈಯಾಗ ಮುರದಿಲ್ರಿ. ಪುಣೆ ನೋಡಿ ಬಂದಾವ. ತಿಂದು ನೋಡ್ರಿ."

ಯೋಗಿತಾ ಒಂದು ಚೂರಿಗೆ ಚಟ್ನಿ ಹಚ್ಚಿ ಬಾಯಿಗೆ ಹಾಕಿಕೊಂಡಳು. ಇನ್ನೊಂದು ಚೂರಿಗೆ ಕೈ ಹಾಕಿದಳು. ಅಷ್ಟರಲ್ಲಿ ಪಂಕ್ತಿಯ ಹುಡುಗಿಯರು ತಾಟು ಚಾಚಿ, ಡಬ್ಬಿಯ ತಳ ಕಾಣುವ ಹಾಗೆ ಮಾಡಿದರು.

"ವಾರಕ್ಕ ಮುನ್ನೂರು, ಖಾಯಂ," ಎಂದಳು ಯೋಗಿತಾ. "ನಾಳಿಂದ ಚಾಲೂ ಮಾಡ್ತೀರೇನ್ರಿ?"

"ನಾಳೆ ಆಗಂಗಿಲ್ರಿ. ಸೋಮವಾರದಿಂದ ಬಡೀತೀನಿ, ಬಸ್ಸಿಗೆ ನಾನ ತರ್ತೀನಿ. ನಾಳೆ ನಾ ಮಲಗಾಕಿ."

"ಯಾಕ್ರಿ, ಆರಾಮಿಲ್ಲೇನು?"

"ಆರಾಮ ಇದ್ದೀನ್ರಿ," ಎಂದು ದ್ರೌಪದಿ ಹುಡುಗಿಯರ ಪಂಕ್ತಿಯಲ್ಲಿ ಒಂದು ತಾಟು ಎಳೆದುಕೊಂಡು ಕೂತಳು. "ಅದಕ್ಕ ಮಲಗತೀನಿ. ಆರಾಮ ಇದ್ದಾಗ ಮಲಗಿ ಒಮ್ಮಿನೂ ನೋಡಿಲ್ಲ."