ಸಣ್ಣಕ್ಕನ ಬರಿಗೈ ದಿನಗಳು

ಅರಕಲಗೂಡು ತಾಲೂಕಿನಲ್ಲಿ ಹೇಮಾವತಿ ಹಿನ್ನೀರು ಹೊಲಗಳೊಳಗೆ ಚಾಚಿಕೊಂಡ ಒಂದು ಕಡೆಗೆ ಬಸರಿಮೂಲೆ ಎಂದು ಹೆಸರು. ಅಲ್ಲಿ ಬಲೆ ಬಿಡಲು ಪರವಾನಗಿ ಇರುವ ಊರವರು ಐದೇ ಜನ. ಅದರಲ್ಲಿ ಹೆಂಗಸು ಎಂದರೆ ಸಣ್ಣಕ್ಕ ಒಬ್ಬಳೇ. ಗಂಡ ಚಿಕ್ಕಯ್ಯ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವನಿದ್ದಾಗಲೂ ತೆಪ್ಪಕ್ಕೆ ಹುಟ್ಟು ಹಾಕುತ್ತಿದ್ದವಳು ಇವಳೇ. ಅವನು ಬೀಡಿ ಕಚ್ಚಿಕೊಂಡು ಬಲೆ ಬಿಡುತ್ತಿದ್ದ, ಅಷ್ಟೆ. ಹಾಗಾಗಿ ಪರವಾನಗಿ ತನ್ನ ಹೆಸರಿಗೆ ಬಂದಾಗ ಊರವರು ಹುಬ್ಬೇರಿಸಿದರೇ ಹೊರತು ಇವಳಿಗೇನೂ ಹೊಸದೆನಿಸಲಿಲ್ಲ. ಮಗ ಶಾಂತರಾಜು ಹಾಸನದಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಾನೆ. ತೆಪ್ಪದಲ್ಲಿ ಈಗ ಅತ್ತೆಯ ಜೊತೆಗಿರುವವಳು ಸೊಸೆ ರಂಜಿನಿ.

ಬಲೆಯ ಮಾತು ಬಂದರೆ ಸಣ್ಣಕ್ಕ ಮಹಾ ಕಟ್ಟುನಿಟ್ಟು. ಬಲೆಯ ಕಣ್ಣಿನಲ್ಲಿ ನಾಲ್ಕು ಬೆರಳು ತೂರಬೇಕು ಎಂದು ಕಚೇರಿಯವರು ಹೇಳಿದರೆ ಇವಳ ಬಲೆಯಲ್ಲಿ ಇಡೀ ಕೈಯೇ ತೂರುತ್ತಿತ್ತು. ಪ್ರತಿ ಬಲೆಗೂ ಪರವಾನಗಿ ನಂಬರಿನ ಬಿಲ್ಲೆ ಕಟ್ಟಬೇಕೆಂದಾಗ ಉಳಿದ ನಾಲ್ವರು ಗೊಣಗಿದರು. ಇವಳು ಬಿಲ್ಲೆಗೆ ಅರಿಸಿನ ಕುಂಕುಮ ಇಟ್ಟು ಕಟ್ಟಿದಳು. ಇಂಥ ನಿಯತ್ತಿನ ಹೆಂಗಸು ಒಂದು ಕಡೆ ಮಾತ್ರ ಸುಳ್ಳು ಹೇಳುತ್ತಿದ್ದಳು. ಅದೂ ಪ್ರತಿ ತಿಂಗಳು, ಸರ್ಕಾರಕ್ಕೇ.

ದಿನಾ ಎಷ್ಟು ಮೀನು ಬಿತ್ತು ಎಂದು ಬರೆದು ತಿಂಗಳಿಗೊಮ್ಮೆ ಕಚೇರಿಗೆ ಕೊಡಬೇಕಾದ ಪುಸ್ತಕ ಒಂದಿದೆ. ಪಿಯುಸಿ ಓದಿದ ರಂಜಿನಿಯೇ ಅದನ್ನು ಬರೆಯುವವಳು. ಮೀನು ಸಿಕ್ಕ ದಿನ ಸಣ್ಣಕ್ಕ ಸಿಕ್ಕಷ್ಟನ್ನೇ ಬರೆಸುತ್ತಿದ್ದಳು. ಏನೂ ಸಿಗದ ದಿನ ಮಾತ್ರ ಎರಡು ಕೆಜಿ ಎಂದು ಬರೆಸುತ್ತಿದ್ದಳು. ಗಂಗಮ್ಮನ ಮಡಿಲಲ್ಲಿ ಕೂತು ಉಣ್ಣುವವರು ಅವಳು ಏನೂ ಕೊಡಲಿಲ್ಲ ಎನ್ನಬಾರದು, ಅದು ಮೂಲೆಯ ಐವರೂ ಹಿಡಿದುಕೊಂಡು ಬಂದ ನೇಮ. ದಡದಲ್ಲಿ ಯಾರಾದರೂ ಏನಾದರೂ ಬಿತ್ತೇ ಎಂದು ಕೇಳಿದರೆ, ಖಾಲಿ ಬುಟ್ಟಿ ಹೊತ್ತವರೂ ಸಾರಿಗೆ ಆಯಿತು ಎಂದೇ ಹೇಳುತ್ತಾರೆ. ಬಾಯಲ್ಲಿ ಆಡಬಾರದ್ದನ್ನು ಪುಸ್ತಕದಲ್ಲಿ ಬರೆಯುವುದಾದರೂ ಹೇಗೆ? ರಂಜಿನಿ ಮೊದಮೊದಲು ವಾದ ಮಾಡಿದಳು. ಆಮೇಲೆ ಈ ಅತ್ತೆಯ ಹತ್ತಿರ ಯಾರು ಹೆಣಗುತ್ತಾರೆ ಎಂದು ಹೇಳಿದಂತೆ ಬರೆದುಕೊಂಡು ಹೋದಳು.

ಹಾಳಾದ್ದು, ಆ ಎರಡು ಕೆಜಿಯೇ ಕುತ್ತಿಗೆಗೆ ಬಂತು.

ಎರಡು ವರ್ಷದಿಂದ ಬೇರೆ ಕಡೆಯವರು ಟೆಂಪೋದಲ್ಲಿ ಬಂದು ಮೂಲೆಯಲ್ಲಿ ಎಳೆಬಲೆ ಹಾಕತೊಡಗಿದ್ದರು. ಸೊಳ್ಳೆಪರದೆಯಂಥ ಕಣ್ಣಿನ ಬಲೆ. ಒಣಗಿಸಿ ಮಾರುವ ಸಣ್ಣ ಮೀನು ಹಿಡಿಯಲೆಂದು ಅದಕ್ಕೂ ಪರವಾನಗಿ ಪಡೆದಿದ್ದರು, ಕಾಗದಪತ್ರವೆಲ್ಲ ಸರಿಯಾಗಿಯೇ ಇತ್ತು. ಆದರೆ ಬಲೆಗೇನು ಕಾಗದ ಓದಲು ಬರುತ್ತದೆಯೇ? ಸಣ್ಣ ಮೀನಿನ ಜೊತೆಗೆ ಕಟ್ಲಾ, ರೋಹುವಿನ ಉಗುರುದ್ದದ ಮರಿಗಳನ್ನೂ ಬಾಚಿಕೊಂಡು ಹೋಗುತ್ತಿತ್ತು. ಮರಿಯೇ ಇಲ್ಲದ ಮೇಲೆ ದೊಡ್ಡ ಮೀನು ಎಲ್ಲಿಂದ ಬರಬೇಕು? ಸಣ್ಣಕ್ಕನಿಗೆ ಬೇರೆ ನೀರಿಲ್ಲ, ಈ ಮೂಲೆ ಬರಿದಾದರೆ ಅವಳ ಕಸುಬೇ ಮುಗಿಯಿತು. ಗೌರಿ ಹಬ್ಬ ಕಳೆದ ಸೋಮವಾರ ಸೊಸೆಯನ್ನು ಕರೆದುಕೊಂಡು ಬಸ್ಸು ಹತ್ತಿ ಮೀನುಗಾರಿಕೆ ಕಚೇರಿಗೆ ಹೋದಳು.

ಅಲ್ಲಿನ ಅಧಿಕಾರಿ ಭವ್ಯಶ್ರೀ ಚನ್ನರಾಯಪಟ್ಟಣದ ಕಡೆಯವಳು, ಬಂದು ಆರು ತಿಂಗಳಾಗಿತ್ತಷ್ಟೆ. ಇಬ್ಬರನ್ನೂ ಕೂರಿಸಿ ಎಲ್ಲ ಕೇಳಿದಳು. ಮೂಲೆಯಲ್ಲಿ ಮೀನು ಇಳಿದುಹೋಗಿದೆ ಎಂದು ದಾಖಲೆಯಲ್ಲಿ ಕಂಡರೆ ಸಣ್ಣ ಕಣ್ಣಿನ ಬಲೆ ನಿಲ್ಲಿಸಲು ತಾನೇ ಮೇಲಿನವರಿಗೆ ಬರೆಯುತ್ತೇನೆ ಎಂದಳು. ಬೀರುವಿನಿಂದ ಐವರ ಪುಸ್ತಕಗಳನ್ನೂ ತೆಗೆಸಿ ಹಾಳೆ ಮಗುಚುತ್ತ ಹೋದಳು. ಕೊನೆಗೆ ಸಂಕೋಚಪಟ್ಟುಕೊಂಡೇ ಹೇಳಿದಳು: ಎರಡು ವರ್ಷದಲ್ಲಿ ಒಂದೇ ಒಂದು ದಿನವೂ ಯಾರ ಬಲೆಯೂ ಖಾಲಿ ಬಂದಿಲ್ಲ, ಇದನ್ನಿಟ್ಟುಕೊಂಡು ಏನೆಂದು ಬರೆಯಲಿ?

ಸಣ್ಣಕ್ಕನ ಮುಖ ಇಂಗು ತಿಂದ ಮಂಗನಂತಾಯಿತು.

"ಸುಳ್ಳು ಬರ್ಸಿವ್ನಿ ಮೇಡಮ್ಮೋರೆ," ಎಂದಳು ಆಮೇಲೆ. "ಎಲ್ಡ್ ಕೇಜಿ ಅಂತ ಐತಲ್ಲ, ಅದ್ರಲ್ಲಿ ಬೋ ದಿನ ಏನೂ ಬಿದ್ದಿಲ್ಲ."

ಭವ್ಯಶ್ರೀ ಪೆನ್ನು ಕೆಳಗಿಟ್ಟಳು. ತಪ್ಪು ವರದಿ ಕೊಟ್ಟರೆ ಪರವಾನಗಿಯೇ ಹೋಗಬಹುದು, ಬರೆದುಕೊಂಡ ಮೇಲೆ ಅಳಿಸಲು ಬರುವುದಿಲ್ಲ, ಯೋಚನೆ ಮಾಡಿ ಎಂದಳು. ರಂಜಿನಿ ಮೇಜಿನ ಕೆಳಗೆ ಅತ್ತೆಯ ಸೀರೆ ಜಗ್ಗಿದಳು. ಸಣ್ಣಕ್ಕ ಸೀರೆ ಬಿಡಿಸಿಕೊಂಡು ಬರ್ಕಳಿ ಎಂದಳು. ಎರಡು ಕೆಜಿ ನಿಜವಾಗಿಯೂ ಸಿಕ್ಕ ದಿನಗಳೂ ಇರಬಹುದಲ್ಲ, ಖಾಲಿ ದಿನ ಯಾವುದೆಂದು ಈಗ ಹೇಗೆ ಹೇಳುತ್ತೀರಿ ಎಂಬುದು ಭವ್ಯಶ್ರೀಯ ಮುಂದಿನ ಪ್ರಶ್ನೆ.

"ಮೀನು ಸಿಕ್ಕಿದ್ ದಿನ ಮರ್ತೋಯ್ತದೆ. ಸಿಗ್ದಿದ್ ದಿನ ಮರಿಯಕ್ಕಾಯ್ತದಾ?"

ಹೇಳುತ್ತಾ ಹೋದಳು. ಶಿವರಾತ್ರಿಯ ಮಾರನೆ ದಿನ. ರಂಜಿನಿಗೆ ಜ್ವರ ಬಂದು ಹೊಳೆನರಸೀಪುರದ ಆಸ್ಪತ್ರೆಗೆ ಕರೆದೊಯ್ದ ದಿನ. ತೆಪ್ಪಕ್ಕೆ ಹೊಸದಾಗಿ ಟಾರು ಬಳಿದು ನೀರಿಗಿಳಿಸಿದ ದಿನ. ಮೂರು ದಿನ ಸಾಲಾಗಿ ಹುರುಳಿಸಾರೇ ಉಂಡದ್ದು, ಅದು ಯುಗಾದಿಯ ಹಿಂದಿನ ವಾರ. ಭವ್ಯಶ್ರೀ ಪುಸ್ತಕ ತಿರುವಿ ನೋಡಿದರೆ ಅಷ್ಟೂ ದಿನದ ಮುಂದೆ ಎರಡು ಕೆಜಿ ಎಂದೇ ಇತ್ತು. ಆಮೇಲೆ ಸಣ್ಣಕ್ಕ ಹೋದ ವರ್ಷದ ಮಾಲಯ ಅಮಾವಾಸ್ಯೆಗೆ ಬಂದಳು. ಅವತ್ತು ಚಿಕ್ಕಯ್ಯನ ಎಡೆಗೆ ಮೀನಿಡಬೇಕೆಂದು ಬೆಳಗಿನಿಂದ ಮೂರು ಸಲ ಬಲೆ ಬಿಟ್ಟು, ಕೊನೆಗೆ ಅಂಗಡಿಯಿಂದ ಕೊಂಡು ತಂದಿದ್ದಳು. ಇಡೀ ಜೀವನ ಮೀನು ಹಿಡಿದವನ ಎಡೆಗೆ ದುಡ್ಡು ಕೊಟ್ಟು ತಂದ ಮೀನು. ಅದನ್ನು ಹೇಳಿ ಸೆರಗಿನಿಂದ ಮೂಗೊರೆಸಿಕೊಂಡಳು. ನಾಚಿಕೆಯೋ ದುಃಖವೋ, ಎರಡೂ ಇತ್ತು ಅನ್ನಿ.

ಒಟ್ಟು ಅರವತ್ತೆರಡು ದಿನಗಳಾದವು. ಉಳಿದ ನಾಲ್ವರ ಪುಸ್ತಕವೂ ಹೀಗೆಯೇ ಏನು ಎಂದು ಭವ್ಯಶ್ರೀ ಕೇಳಿದ್ದಕ್ಕೆ, ಅವರದನ್ನು ಅವರನ್ನೇ ಕೇಳಿ, ನನ್ನದು ನಾನು ಹೇಳಿದ್ದೇನೆ ಎಂದು ಸಣ್ಣಕ್ಕ ಸಹಿ ಹಾಕಿ ಎದ್ದಳು.

ಆಮೇಲೆ ಭವ್ಯಶ್ರೀ ತಾನೇ ಮೂರು ಸಲ ಬಸರಿಮೂಲೆಗೆ ಬಂದು, ಬಲೆ ಬಿಡಿಸಿ, ಎಳೆಸಿ ನೋಡಿದಳು. ಮೂರು ಸಲಕ್ಕೂ ಸೇರಿ ಬಿದ್ದದ್ದು ಎರಡು ಜಿಲೇಬಿ ಮೀನು, ಒಂದು ಹರಕು ಚಪ್ಪಲಿ. ತಿಂಗಳೊಪ್ಪತ್ತಿನಲ್ಲಿ ದಡದ ಮೇಲೆ ಬೋರ್ಡು ನಿಂತಿತು: ಈ ಮೂಲೆಯಲ್ಲಿ ಸಣ್ಣ ಕಣ್ಣಿನ ಬಲೆ ಹಾಕುವಂತಿಲ್ಲ. ಟೆಂಪೋ ಬರುವುದು ನಿಂತಿತು. ಇಲಾಖೆಯವರು ಡ್ರಮ್ಮಿನಲ್ಲಿ ಹೊಸ ಮರಿ ತಂದು ನೀರಿಗೆ ಬಿಟ್ಟು ಹೋದರು. ಅದೇ ವಾರ ಸಣ್ಣಕ್ಕನ ಮನೆಗೂ ಒಂದು ಕಾಗದ ಬಂತು. ತಪ್ಪು ವರದಿ ಕೊಟ್ಟದ್ದಕ್ಕೆ ಅವಳ ಪರವಾನಗಿಯನ್ನು ಮೂರು ತಿಂಗಳು ತಡೆಹಿಡಿದಿದ್ದರು. ರದ್ದೇ ಆಗಬೇಕಿದ್ದದ್ದು, ತಾನಾಗಿಯೇ ಒಪ್ಪಿಕೊಂಡಳೆಂದು ಭವ್ಯಶ್ರೀ ಬರೆದದ್ದರಿಂದ ಅಷ್ಟಕ್ಕೆ ನಿಂತಿತ್ತು.

ರಂಜಿನಿಗೆ ಹೊಟ್ಟೆ ಉರಿದುಹೋಯಿತು. ಬಾಯಿ ಮುಚ್ಚಿಕೊಂಡಿದ್ದ ನಾಲ್ವರೂ ಹಾಯಾಗಿ ಬಲೆ ಬಿಡುತ್ತಿದ್ದಾರೆ, ನಿಜ ಹೇಳಿದವರಿಗೆ ಮಾತ್ರ ಈ ಶಿಕ್ಷೆಯೇ ಎಂದು ಕಾಗದ ಹಿಡಿದುಕೊಂಡು ಅತ್ತೇಬಿಟ್ಟಳು. ಸಣ್ಣಕ್ಕ ಜಗುಲಿಯಲ್ಲಿ ಕೂತು, ಬೆಳಗಾದರೆ ಶುಂಠಿ ಹೊಲಕ್ಕೆ ಕೂಲಿ ಹೋಗಬೇಕೆಂದು ಕುಡುಗೋಲು ಮಸೆಯುತ್ತಿದ್ದಳು.

"ಮೂರ್ ತಿಂಗ್ಳು ತಾನೇ, ಅಳ್ಬ್ಯಾಡ ಕಣವ್ವ," ಎಂದಳು. "ಮರಿ ಅಂಗೈ ಅಗ್ಲ ಆಗಕ್ಕೂ ಅಷ್ಟ್ ದಿನ ಬೇಕು."