ಬೇಸಿನ್ನಿನ ಮೇಲೆ ನನ್ನ ಚಿತ್ರ

ಊಟ ಮುಗಿಸಿ ಕೈ ತೊಳೆಯಲು ಬಂದವರೊಬ್ಬರು ನಲ್ಲಿ ಬಿಟ್ಟುಕೊಂಡೇ ನನ್ನ ಚಿತ್ರ ನೋಡುತ್ತ ನಿಂತರು. "ಅರೇ ಭಾಯ್, ಜಲ್ದಿ ಕರೋ!" ಎಂದು ಹಿಂದಿನವರು ರೇಗಿದರು.

ಅದು ಗ್ರಾಂಟ್ ರೋಡಿನ ಉಡುಪಿ ಹೋಟೆಲು. ಗ್ಯಾಲರಿಯವರು ಮತ್ತೆ ಹಿಂದಿರುಗಿಸಿದ ಚಿತ್ರವನ್ನು ಹರಿದುಹಾಕುತ್ತೇನೆ, ಇನ್ನು ಬರೆಯುವುದೇ ಇಲ್ಲ ಎಂದು ನಾನು ಹೇಳಿದಾಗ ಹೋಟೆಲಿನ ಮಾಲೀಕರು ಅದನ್ನು ಕಿತ್ತುಕೊಂಡು ಬೇಸಿನ್ನಿನ ಮೇಲಿನ ಗೋಡೆಗೆ ಅಂಟಿಸಿದ್ದರು. "ಗ್ಯಾಲರಿಗೆ ಯಾರು ಹೋಗ್ತಾರೆ ಮಾರಾಯ್ರೆ? ಇಲ್ಲಿಗೆ ಉಂಡವರೆಲ್ಲ ಬರ್ಲೇಬೇಕಲ್ಲ!" ನನಗೆ ಅವಮಾನವೇ ಆಗಿತ್ತು.

ನಲ್ಲಿ ಬಿಟ್ಟುಕೊಂಡು ನಿಂತ ಆ ಅಪರಿಚಿತರ ಅಂಗಿಯ ಬಣ್ಣ ನೆನಪಿಲ್ಲ; ಹೇಳಿದರೆ ಅದು ನಾನು ಆಮೇಲೆ ಬಳಿದದ್ದಾದೀತು. ಮಾತು ಮಾತ್ರ ನಿಜ. ಚಿತ್ರದಲ್ಲಿ ಲೋಕಲ್ ಟ್ರೇನಿನ ಜನರಿಗೆ ಮುಖವಿರಲಿಲ್ಲ, ಬರೀ ಕೈಗಳು. ಒದ್ದೆ ಬೆರಳು ಚಾಚಿ ಅವರು ಮಾಲೀಕರಿಗೆ ಹೇಳಿದರು: "ಶೇಟ್, ಊಟದ ಡಬ್ಬಿ ಹಿಡಿದಿರೋ ಈ ಕೈ ನಂದೇ ಐತ್ರೀ! ಇನ್ನೊಂದು ಯಾವಾಗ ಹಚ್ತೀರಿ?"

ಬರೆದವನು ನಾನು ಎನ್ನದೆಯೇ ಪಕ್ಕದ ಮೇಜಿನಿಂದ "ಸೋಮವಾರ" ಎಂದುಬಿಟ್ಟೆ.

ಹೇಳಿದ ಮೇಲೆ ಬರೆಯಲೇಬೇಕಾಯಿತು. ಆ ಸೋಮವಾರ ಅವರು ಬಂದರೋ ಇಲ್ಲವೋ, ನನಗೆ ತಿಳಿಯದು. ಗೋಡೆಗೆ ಹಚ್ಚಿದ ಹೊಸ ಚಿತ್ರವನ್ನು ಬೇರೆ ಯಾರೋ ಕೈ ತೊಳೆಯುತ್ತ ತಲೆಯೆತ್ತಿ ನೋಡಿದರು. ಚಿತ್ರಗಳನ್ನು ಕಪಾಟಿನಲ್ಲಿಟ್ಟು ಗ್ಯಾಲರಿಯ ಕರೆಗೆ ಕಾಯುವುದನ್ನು ನನಗೆ ಬಿಡಿಸಿದ ಆ ಮಾಲೀಕರಿಗೂ ಆ ಅಪರಿಚಿತರಿಗೂ ನಾನು ಋಣಿ.