ಯಾರ ನಾಯಿ, ಅವರ ಬಾಗಿಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಸತಿ ಸಮುಚ್ಚಯದ ಹಿಂದಿನ ಹುಲ್ಲುಹಾಸಿನಲ್ಲಿ ಒಬ್ಬ ಹೆಂಗಸು ಬಗ್ಗಿ, ಪುಟ್ಟ ಸಲಿಕೆಯಿಂದ ನಾಯಿಹೇಲನ್ನು ಮಣ್ಣಿನ ಸಮೇತ ಎತ್ತಿ ಚೀಲಕ್ಕೆ ಹಾಕುತ್ತಿದ್ದಾರೆ. ಇಲ್ಲಿನವರಿಗೆ ಅವರು ‘ಗುಡಿಸೋ ಅಕ್ಕ’. ಮುಖದಲ್ಲಿ ಸಿಟ್ಟು ಕುದಿಯುತ್ತಿದೆ, ಕೈ ಮಾತ್ರ ನಿಲ್ಲುವುದಿಲ್ಲ.

“ನಾಯಿ ಕೂತ್ಕೊಂಡ ತಕ್ಷಣ ಸಾಕಿದೋರು ಆಕಾಶ ನೋಡ್ತಾರೆ. ಅಲ್ಲೇನೋ ಬರೆದಿಟ್ಟ ಹಾಗೆ.”

ಸಿಟ್ಟಿಗೆ ಕಾರಣವಿದೆ. ಗೇಟಿನ ಪಕ್ಕದ ಒಂಟಿ ಕೋಣೆಯಲ್ಲಿ ಅಕ್ಕನ ಜತೆಗಿರುವುದು ಚುಕ್ಕಿ ಎಂಬ ಹೆಣ್ಣುನಾಯಿ. ಕಳೆದ ವರ್ಷ ಅದರ ಮರಿಗಳು ಹೊಟ್ಟೆ ಡೋಲಿನಂತೆ ಉಬ್ಬಿ ಒಂದೊಂದಾಗಿ ಸತ್ತವು. ಜಂತುಹುಳು. ಚುಕ್ಕಿಗೂ ಮಾತ್ರೆ ಕೊಟ್ಟರೆ ವಾಸಿ, ಕೆಲವು ವಾರ ಕಳೆದರೆ ಮತ್ತದೇ ಪಾಡು.

“ಮಾತ್ರೆ ಹೊಟ್ಟೆಯೊಳಗಿನ ಹುಳ ಸಾಯಿಸುತ್ತಮ್ಮ. ಮಣ್ಣಿಗೆ ಬಿದ್ದ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತೆ, ನೆಕ್ಕಿದ್ರೆ ಮತ್ತೆ ಒಳಗೆ. ಅಂದಂದಿನ ಗಲೀಜು ಅಂದೇ ಎತ್ತಿಬಿಡಿ,” ಎಂದರು ಪಶುವೈದ್ಯೆ.

ಅಂದಿನಿಂದ ಚುಕ್ಕಿಯ ಹಾಸಿಗೆ ಬಿಸಿನೀರಲ್ಲಿ ಒಗೆಸಿಕೊಂಡು ಬಿಸಿಲಿಗೆ ಬೀಳುತ್ತದೆ. ಚಿಗಟಕ್ಕೆ ಔಷಧಿ, ಹೇಳಿದ ಹೊತ್ತಿಗೆ ಮಾತ್ರೆ ತಪ್ಪುವುದಿಲ್ಲ. ಹುಲ್ಲಿನಲ್ಲಿ ಮಾತ್ರ ಮಹಡಿಮನೆ ನಾಯಿಗಳದ್ದೇ ದರ್ಬಾರು. ಮಕ್ಕಳು ಉರುಳಾಡುವುದೂ ಅಲ್ಲೇ.

ಹೀಗಿರುವಾಗ ನಿವಾಸಿಗಳ ಸಂಘದ ಅಧ್ಯಕ್ಷರು ಅಕ್ಕನನ್ನು ಕರೆಸಿದರು. “ಹುಳ ಹರಡ್ತಿರೋದು ನಿನ್ನ ನಾಯೀನೇ. ಎಲ್ಲಾದ್ರೂ ಬಿಟ್ಟು ಬಾ.” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅಕ್ಕನಿಗೆ ಮೈಯೆಲ್ಲ ಉರಿಯಿತು. ಕೆಲಸ ನಿಲ್ಲಿಸೋಣವೆಂದರೆ ಮೊದಲು ನರಳುವುದು ಚುಕ್ಕಿಯೇ. ಮರುದಿನ ಎಂದಿನಂತೆ ಎತ್ತಿದರು, ಆದರೆ ಕಸದ ಡಬ್ಬಕ್ಕೆ ಹಾಕಲಿಲ್ಲ. ಯಾವ ನಾಯಿ ಎಲ್ಲಿ ಕೂರುತ್ತದೆಂದು ದಿನವೂ ನೋಡಿದವರು. ಚೀಲಗಳಿಗೆ ಗಂಟು ಹಾಕಿ ಆಯಾ ಮನೆಯ ಬಾಗಿಲಿಗೇ ಇಟ್ಟು ಬಂದರು.

ಮಹಡಿ ಮಹಡಿಯಲ್ಲೂ ಕೂಗಾಟ. ಅಧ್ಯಕ್ಷರು ಚೀಲವನ್ನು ಬೆರಳ ತುದಿಯಲ್ಲಿ ಹಿಡಿದು ಕೆಳಗಿಳಿದರು. “ಏನಿದು?”

“ನಿಮ್ಮನೇದೇ ಸರ್. ಮರೆತು ಹೋಗಿದ್ರಿ.”

ಯಾರೋ ಕಿಸಕ್ಕನೆ ನಕ್ಕರು. ಮಗುವನ್ನು ಎತ್ತಿಕೊಂಡಿದ್ದ ತಾಯಿಯೊಬ್ಬರು, “ಅಕ್ಕ ಮಾಡಿದ್ರಲ್ಲಿ ತಪ್ಪೇನಿದೆ?” ಎಂದರು. ಚುಕ್ಕಿಯನ್ನು ಓಡಿಸುವ ಮಾತು ಅಲ್ಲಿಗೇ ನಿಂತಿತು. ಕ್ಷಮೆ ಯಾರೂ ಕೇಳಲಿಲ್ಲ.

ಈಗ ಬಹಳ ಮಂದಿ ಚೀಲ ಹಿಡಿದೇ ಇಳಿಯುತ್ತಾರೆ. ಕಳೆದ ತಿಂಗಳ ಮಲಪರೀಕ್ಷೆಯಲ್ಲಿ ಚುಕ್ಕಿಗೆ ಹುಳುವಿನ ಸುಳಿವಿಲ್ಲ. ಅಧ್ಯಕ್ಷರು ಮಾತ್ರ ಇನ್ನೂ ಬರಿಗೈ. ಅವರ ಚೀಲ ಪ್ರತಿ ಬೆಳಗ್ಗೆ ತಪ್ಪದೆ ಮನೆ ಸೇರುತ್ತದೆ.

ಈ ಪತ್ರಿಕೆಗೆ ನಿಮ್ಮದೊಂದು ಫೋಟೋ ಬೇಕೆಂದು ಕೇಳಿದಾಗ ಅಕ್ಕ ಸಲಿಕೆ ತೊಳೆಯುತ್ತಾ ತಲೆ ಎತ್ತುವುದೂ ಇಲ್ಲ. “ನಂದ್ಯಾಕೆ? ಅಧ್ಯಕ್ಷರ ಬಾಗಿಲದ್ದು ಹಾಕಿ.”